ಮೂಲೆಯ ಗಂಡು ಗಿಡ

ಮಾರ್ಚ್ 11, ಮಂಗಳವಾರ. ವೆಸ್ಟ್‌ಮೋರ್‌ಲ್ಯಾಂಡ್, ಜಮೈಕಾ

ಇದನ್ನು ಇಲ್ಲಿಯೂ ಬರೆಯದೆ ಬಿಡುವುದರಲ್ಲಿದ್ದೆ: ಆ ಗಂಡು ಗಿಡವನ್ನು ನಾನು ಮೂರು ವಾರದ ಹಿಂದೆಯೇ ನೋಡಿದ್ದೆ.

ಇವತ್ತು ಹೊಸ ಹಸಿರುಮನೆಯ ಎಂಟೂ ಸಾಲುಗಳಲ್ಲಿ ಗಾಂಜಾ ಮೊಗ್ಗು ಬಿಡಿಸಿ ನೋಡಿದೆ. ಎಲ್ಲದರಲ್ಲೂ ಬೀಜ. ಬೀಜ ಕಟ್ಟಿದ್ದನ್ನು ಔಷಧಿ ಕಂಪನಿಯವರು ಮುಟ್ಟುವುದಿಲ್ಲ. ನಮ್ಮ ಬೆಳೆಗಾರರ ಸಂಘದ ಹನ್ನೊಂದು ಕುಟುಂಬಗಳು ಒಂದು ಹನಿ ರಾಸಾಯನಿಕ ಸೋಕಿಸದೆ ಬೆಳೆಸಿದ ಮೊದಲ ಬೆಳೆ ಇದು.

ನಮ್ಮ ಹಿರಿಯ ಬೆಳೆಗಾರ ಮಾಸ್ ಎಲ್ಕಾನ ಅವರು ತಲೆ ತಗ್ಗಿಸಿ ನಿಂತಿದ್ದರು. "ಗುಡ್ಡದಲ್ಲಿ ಬೆಳೀತಿದ್ದಾಗ ಯಾವಾಗ್ಲೂ ಮೂಲೇಲಿ ಒಂದು ಗಂಡು ಬಿಡ್ತಿದ್ವಿ ಮಗಳೇ, ಅಪ್ಪನ ಕಾಲದ ತಳಿ ಅಳೀಬಾರ್ದು ಅಂತ. ಅದರ ಹೂವಿನ ಹುಡಿ ಗಾಳಿಗೆ ಕಣಿವೆ ಕಡೆ ಹಾರ್ಕೊಂಡು ಹೋಗ್ತಿತ್ತು."

"ಇಲ್ಲಿ ಗಾಳಿ ಅಂದ್ರೆ ಫ್ಯಾನು, ಮುದುಕಪ್ಪಾ," ಎಂದಳು ಸಂಘದ ಶರ್ಲೀನ್. "ಅದಕ್ಕೆ ಕಣಿವೆ ದಾರಿ ಗೊತ್ತಿಲ್ಲ."

ಮಾಸ್ ಎಲ್ಕಾನ ಅವರನ್ನು ಕೆಲಸದಿಂದ ತೆಗೆದುಹಾಕಬೇಕೆಂದು ಸಂಘ ತೀರ್ಮಾನಿಸಿತು. ನಾನು ಸುಮ್ಮನಿದ್ದೆ. ಅವರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಮೂರು ವಾರದ ಹಿಂದೆ ಅವರು ಆ ಗಿಡ ತೋರಿಸಿ ಕೇಳಿದಾಗ "ಇರ್ಲಿ ಬಿಡಿ" ಎಂದವಳು ನಾನೇ. ಅದು ಗೌರವವೋ, ಹಿರಿಯರ ಎದುರು ಬೇಡವೆನ್ನಲಾಗದ ಹೇಡಿತನವೋ, ತಿಳಿಯುತ್ತಿಲ್ಲ.

ಸಂಘಕ್ಕೆ ಎಲ್ಲವನ್ನೂ ಬರೆದು ಲಕೋಟೆ ಅಂಟಿಸಿದ್ದೇನೆ. ಗಾಂಜಾ ಬೆಳೆಯುವ ಪರವಾನಗಿ ನನ್ನ ಹೆಸರಿನಲ್ಲಿದೆ. ಅದು ಹೋದರೆ ಹೋಗಲಿ ಎನ್ನುವ ಧೈರ್ಯ ಇನ್ನೂ ಬಂದಿಲ್ಲ. ಇಲ್ಲಿಯ ಅಂಚೆ ಕಚೇರಿ ತೆರೆಯುವುದು ಗುರುವಾರ. ಧೈರ್ಯ ಬರಲಿ, ಬಾರದಿರಲಿ, ಅಂಚೆಗೆ ಹಾಕುವುದು ಮಾರ್ಚ್ 13ಕ್ಕೆ.