ಬೇವಿನ ಮರದಡಿಯ ಬಾಳೆಹಣ್ಣಿನವಳು

ಖೂಬಾ ಪ್ಲಾಟ್, ಕಲಬುರಗಿ
ಮಂಗಳವಾರ

ಆಯಿ, ಈ ಕಾರ್ಡು ಓದಿ ಹೇಳುವ ಪೋಸ್ಟ್‌ಮನ್ ದತ್ತಪ್ಪಣ್ಣನಿಗೆ ಮೊದಲು ಎರಡು ಬಾಳೆಹಣ್ಣು ಕೊಡು, ಸುದ್ದಿ ಅಂಥದ್ದಿದೆ.

ನನ್ನ ಪಿಎಚ್.ಡಿ. ಎಂದರೆ ಸದ್ಯಕ್ಕೆ, ಊರು ಕಟ್ಟುವುದರ ಬಗ್ಗೆ ಬೇರೆಯವರು ಬರೆದದ್ದನ್ನು ಓದುವುದು. ಹನ್ನೊಂದು ಪ್ರಬಂಧಗಳಲ್ಲಿ ಒಂದೇ ಮಾತು: ನಮ್ಮ ಕಮಲಾಪುರದ ಹೆಂಗಸರು ಸಂತೆಯ ಹೊಸ ಶೆಡ್ಡಿನಲ್ಲಿ ಕೂರದೆ, ಬೇವಿನ ಮರದಡಿ ಕೂತು ಪ್ರತಿಭಟಿಸಿದರಂತೆ! ಎಲ್ಲ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದದ್ದು. ಹಿಂದೆ ಹಿಂದೆ ಹುಡುಕುತ್ತ ಹೋಗಿ ನಿನ್ನೆ ಮೂಲ ವರದಿ ಹಿಡಿದೆ. ಆ ಮಾತಿಗೆ ಅದರಲ್ಲಿರುವ ಆಧಾರ ಒಂದೇ ಫೋಟೊ: ಮರ, ಕೆಂಪು ಬಾಳೆಹಣ್ಣಿನ ಬುಟ್ಟಿ, ಅದರ ಹಿಂದೆ ಇನ್ನೂ ಕಪ್ಪು ಕೂದಲಿನ ನೀನು. ಯಾರ ಗುರುತೂ ಇಲ್ಲದ ಈ ಗ್ರಂಥಾಲಯದಲ್ಲಿ ನಿನ್ನ ಮುಖ ಕಂಡು ಜೋರಾಗಿ ನಕ್ಕುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು.

ನಮ್ಮ ಗೈಡ್ ಉಮ್ಮೆ ಹಾನಿ ಮೇಡಂಗೆ ತೋರಿಸಿದೆ. ಕನ್ನಡಕ ತೆಗೆದು, "ಅರೆ, ಇಷ್ಟು ಮಂದಿ ಬರದಾರಲ್ಲ, ಒಬ್ಬರರ ಹೋಗಿ ಆಕಿಗಿ ಕೇಳ್ಯಾರೇನು?" ಅಂದರು.

ಇಲ್ಲ ಆಯಿ, ಯಾರೂ ಕೇಳಿಲ್ಲ. ಆ ಬುಟ್ಟಿಯ ದುಡಿಮೆಯಲ್ಲೇ ಬೆಳೆದ ನಾನೂ ಕೇಳಿಲ್ಲ.

ನನ್ನ ಕೆಮ್ಮು ನಿಂತಿದೆ, ಮೆಸ್ಸಿನ ರೊಟ್ಟಿ ಪರವಾಗಿಲ್ಲ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಂದವಳೇ ನಿನ್ನೆದುರು ಕೂತು ಕೇಳುತ್ತೇನೆ: ಆ ಮರದ ಕೆಳಗೇ ಯಾಕೆ ಕೂತಿದ್ದೆ?

ಅಲ್ಲಿಯವರೆಗೆ ಉತ್ತರವನ್ನು ದತ್ತಪ್ಪಣ್ಣನಿಗೂ ಹೇಳಬೇಡ. ಹನ್ನೆರಡನೆಯ ಪ್ರಬಂಧ ನನ್ನದು.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಮೊಮ್ಮಗಳು ಪಂಚಶೀಲಾ