ನನ್ನ ಎಪ್ಪತ್ತೊಂದು ಕಿಲೋದವರಿಗೆ

ತೂಕದ ಕೋಣೆ, ಸಣ್ಣ ವಿಮಾನಗಳ ನಿಲ್ದಾಣ
ಹನ್ನೆರಡನೇ ತಾರೀಖು, ಬುಧವಾರ ಮಧ್ಯಾಹ್ನ

ನನ್ನ ಪ್ರೀತಿಯ ಎಪ್ಪತ್ತೊಂದು ಕಿಲೋದವರಿಗೆ,

ಹೇಗಿದ್ದೀರಿ? ವೆಲ್ಡಿಂಗ್ ಕಿಡಿ ಹಾರಿ ಸುಟ್ಟ ಕೈ ಮಾಗಿತೇ? ಕೈಗವಸು ಹಾಕದೆ ಕೆಲಸ ಮಾಡುತ್ತೀರೆಂದು ನನಗೆ ಗೊತ್ತು. ಇಲ್ಲವೆಂದು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ಮಗಳ ಮುಂದಿನ ಎರಡು ಹಲ್ಲು ಬಿದ್ದಿವೆ. ಅಪ್ಪ ಬರುವಷ್ಟರಲ್ಲಿ ಹೊಸ ಹಲ್ಲು ಬಂದುಬಿಟ್ಟರೆ ಏನು ಗತಿ ಎಂದು ದಿನಕ್ಕೆ ನಾಲ್ಕು ಸಲ ಕನ್ನಡಿ ನೋಡಿಕೊಳ್ಳುತ್ತಾಳೆ.

ನಿಮ್ಮ ಪತ್ರ ಸೋಮವಾರ ಸಿಕ್ಕಿತು. ಸೇತುವೆ ಕೆಲಸ ಮುಗಿಯಿತು, ಶನಿವಾರ ಕಂಪನಿ ಯಜಮಾನರ ಆರು ಸೀಟಿನ ವಿಮಾನದಲ್ಲಿ ನಿಮಗೂ ಜಾಗ ಸಿಕ್ಕಿದೆ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ! ಹನ್ನೊಂದು ತಿಂಗಳಿಂದ ಮಂಚದ ನಿಮ್ಮ ಕಡೆಗೆ ಒಗೆದ ಬಟ್ಟೆ ರಾಶಿ ಹಾಕುತ್ತಿದ್ದೇನೆ, ಖಾಲಿ ಕಾಣಬಾರದೆಂದು. ಸೋಮವಾರವೇ ಅದನ್ನೆಲ್ಲ ಮಡಿಚಿಟ್ಟೆ. ಅತ್ತೆ ನೋಡಿ, "ಇನ್ನೂ ಐದು ದಿನ ಇದೆಯಲ್ಲೇ, ಈಗ್ಲೇ ಏನವಸರ?" ಎಂದು ನಕ್ಕರು. ನಾಚಿಕೆಯಾಯಿತು. ಆದರೂ ಬಟ್ಟೆಯನ್ನು ಮತ್ತೆ ಹರಡಲಿಲ್ಲ. ನಿಮ್ಮ ಪತ್ರದ ಕೊನೆಯ ಸಾಲೊಂದು ಮಾತ್ರ ನನ್ನ ನಿದ್ದೆ ಕೆಡಿಸಿದೆ. ಅದನ್ನು ಆಮೇಲೆ ಹೇಳುತ್ತೇನೆ.

ನೆನಪಿದೆಯೇ, ನಾವು ಮೊದಲು ಭೇಟಿಯಾದದ್ದು ಇದೇ ತಕ್ಕಡಿಯ ಮೇಲೆ. "ಅರವತ್ತೆರಡು ಅಂತ ಬರ್ಕೊಳ್ಳಿ" ಎಂದು ಠೀವಿಯಿಂದ ಹೇಳಿದ್ದಿರಿ. ಮುಳ್ಳು ಎಪ್ಪತ್ತೊಂದಕ್ಕೆ ಹೋಗಿ ನಿಂತಿತು. ಕೋಟಿನ ಜೇಬುಗಳಿಂದ ಒಂದೊಂದಾಗಿ ಸ್ಪ್ಯಾನರು, ಸುತ್ತಿಗೆ, ಮೊಳೆ ಎಲ್ಲ ಹೊರಬಂದವು. ನಾನು ರೇಗಿಬಿಟ್ಟೆ. ಅಷ್ಟಕ್ಕೆಲ್ಲ ಇಷ್ಟು ಕೋಪವೇ ಎಂದು ನೀವು ಕೇಳಿದಿರಿ, ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ, ಇಷ್ಟು ವರ್ಷ ನಿಮಗೂ ಹೇಳಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಮೈಕೈ ತುಂಬಿಕೊಂಡ ಒಬ್ಬ ಹೆಂಗಸು ಎಲ್ಲರೆದುರು ತಕ್ಕಡಿ ಹತ್ತಲು ಸಂಕೋಚಪಟ್ಟರು. ಪಾಪ ಅನ್ನಿಸಿ, "ಪರವಾಗಿಲ್ಲ, ನೀವೇ ಹೇಳಿ" ಎಂದೆ. ಹೇಳಿದ್ದನ್ನು ಬರೆದುಕೊಂಡೆ. ಒಬ್ಬರನ್ನು ಬಿಟ್ಟ ಮೇಲೆ ಉಳಿದ ಮೂವರನ್ನು ಹತ್ತಿ ಅನ್ನಲು ನಾಲಿಗೆ ಏಳಲಿಲ್ಲ. ಅವರು ಹೇಳಿದ್ದನ್ನೂ ಬರೆದುಕೊಂಡೆ. ವಿಮಾನ ಓಡಿತು, ಓಡಿತು, ಏಳಲೇ ಇಲ್ಲ. ಕೊನೆಗೆ ಬೇಲಿಗೆ ತಗುಲಿಕೊಂಡೇ ಎದ್ದಿತು. ಒಂದು ಸುತ್ತು ಹಾಕಿ ಇಳಿದಾಗ ಚಕ್ರದಲ್ಲಿ ಬೇಲಿಯ ತಂತಿ ಸುತ್ತಿಕೊಂಡಿತ್ತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಪೈಲಟ್ ಬೈಯಲೂ ಇಲ್ಲ. ನಾನು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟು, "ನಾನು ಇದನ್ನೇ ನಂಬ್ಕೊಂಡು ಹೋಗೋದಮ್ಮ" ಎಂದರು. ಅಂದಿನಿಂದ ಎಂಥ ದೊಡ್ಡ ಮನುಷ್ಯನೇ ಬರಲಿ, ಚೀಲ ಸಮೇತ ತಕ್ಕಡಿ ಹತ್ತಿಸುತ್ತೇನೆ. ಯಾರ ತೂಕವನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಚೀಟಿ ಮಡಿಚಿ ಪೈಲಟ್ ಕೈಗೇ ಕೊಡುತ್ತೇನೆ. ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಹತ್ತಿ ನೋಡುತ್ತೇನೆ. ನೀವು ಹೋದ ಮೇಲೆ ನಾಲ್ಕು ಕಿಲೋ ಇಳಿದಿದ್ದೇನೆ. ಅತ್ತೆಗೆ ಹೇಳಿಲ್ಲ, ಹೇಳಿದರೆ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತದೆ.

ಅತ್ತೆ ನಿಮಗೆ ನೂರು ವರ್ಷ ಆಯುಸ್ಸು ಹಾರೈಸಿದ್ದಾರೆ, ಜೊತೆಗೆ ಕೂದಲು ಕತ್ತರಿಸಿಕೊಂಡೇ ಬರಬೇಕೆಂದು ಅಪ್ಪಣೆ ಮಾಡಿದ್ದಾರೆ. ಮಗಳು ಈ ಕಾಗದದ ಮೂಲೆಗೆ ಮುತ್ತು ಕೊಟ್ಟಿದ್ದಾಳೆ, ಒದ್ದೆಯಾಗಿರುವುದು ಅದಕ್ಕೇ.

ನಿಮ್ಮ ದಾರಿ ನೋಡುತ್ತಿರುವ
ತಕ್ಕಡಿಯವಳು

ತಾ.ಕ.: ಟಪಾಲು ವಿಮಾನದ ಪೈಲಟ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ನಾಳೆ ಸಂಜೆಗೆ ಇದು ನಿಮಗೆ ಸಿಗುತ್ತದಂತೆ. ಫೋನ್ ಮಾಡೋಣವೆಂದರೆ ನಿಮ್ಮ ಆ ಕಣಿವೆಯಲ್ಲಿ ಸಿಗ್ನಲ್ಲೇ ಇಲ್ಲ. ನಿಮ್ಮ ಪತ್ರದ ಆ ಕೊನೆಯ ಸಾಲಿನಲ್ಲಿ ನೀವು, "ನಿನಗೆಂದು ಕಾಲಲ್ಲಿ ತುಳಿಯುವ ಕಬ್ಬಿಣದ ಹೊಲಿಗೆ ಯಂತ್ರವನ್ನು ಬಿಚ್ಚಿ ಎರಡು ಪೆಟ್ಟಿಗೆಗೆ ತುಂಬಿದ್ದೇನೆ, ಬರೀ ಬಟ್ಟೆ, ಹತ್ತು ಕಿಲೋ ಎಂದು ಯಜಮಾನರ ಪೈಲಟ್‌ಗೆ ಹೇಳಿದ್ದೇನೆ, ಇಲ್ಲಿ ಯಾರು ತೂಗ್ತಾರೆ" ಎಂದು ಬರೆದಿದ್ದೀರಿ. ತೂಗುವವರಿಲ್ಲವೆಂದೇ ನನಗೆ ಭಯ. ಅದು ನಲವತ್ತು ಕಿಲೋಗೆ ಕಡಿಮೆ ಇರಲಾರದು. ನಿಮ್ಮ ಹಾಗೇ ಉಳಿದವರೂ ತಮ್ಮ ತಮ್ಮ ಹೆಂಡತಿಯರಿಗೆ ಏನೇನು ಕಟ್ಟಿಕೊಂಡಿದ್ದಾರೋ! ಆ ಯಂತ್ರ ನನಗೆ ಬೇಡವೆಂದಲ್ಲ, ತುಂಬಾ ಆಸೆಯಿತ್ತು. ಆದರೂ ಅಲ್ಲೇ ಬಿಟ್ಟು ಬನ್ನಿ. ನಾಚಿಕೆ ಬಿಟ್ಟು ಪೈಲಟ್‌ಗೆ ನಿಜ ಹೇಳಿ, ಎಲ್ಲರ ಗಂಟನ್ನೂ ತೂಗಿಸಿ. ಯಾರೂ ಒಪ್ಪದಿದ್ದರೆ ಜಗಳವಾಡಬೇಡಿ, ಇಳಿದು ಬಸ್ಸು ಹತ್ತಿ. ಮೂರು ದಿನ ತಡವಾಗುತ್ತದೆ. ಹನ್ನೊಂದು ತಿಂಗಳು ಕಾದವಳಿಗೆ ಮೂರು ದಿನ ಏನು ಮಹಾ ಅಂದುಕೊಳ್ಳಬೇಡಿ, ಬಹಳವೇ ಆಗುತ್ತದೆ. ಆದರೂ ಕಾಯುತ್ತೇನೆ. ಇಲ್ಲಿ ಬಂದ ಕೂಡಲೇ ನಿಮ್ಮನ್ನು ತಕ್ಕಡಿ ಹತ್ತಿಸುತ್ತೇನೆ. ನನಗೆ ಎಪ್ಪತ್ತೊಂದು ಕಿಲೋ ಸಾಕು.