ಫಟಫಟಿಗೆ ಹೊಸ ಗಾಜು

ನಾರಾಯಣಪೇಟೆ
ಬಹುಧಾನ್ಯ ಸಂವತ್ಸರ, ವೈಶಾಖ ಶುದ್ಧ ದಶಮಿ, ಫಸಲಿ 1347

ಮಕ್ತಲದಾಗ ಅಕ್ಕನ ಮನ್ಯಾಗ ಹಾಯಾಗಿ ಕುಂತಿರೋ ನಮ್ಮ ಮನಿ ಯಜಮಾನರಿಗೆ ತುಳಸಮ್ಮನ ಶರಣು.

ಪ್ರೀತಿಯ ಅಂತ ಬರಿಯಾಕ ಕೈ ಏಳವಲ್ದು, ಅದಕ್ಕ ಬರದಿಲ್ಲ. ನಿಮ್ಮ ಮೈಯಾಗ ಹೆಂಗೈತಿ? ಬಿಸಲಿಗೆ ಮೂಗಿನ್ಯಾಗ ರಗತ ಬರೋದು ನಿಂತೇತೇನು? ಸಬ್ಜಾ ಬೀಜ ನೆನಸಿ ಕುಡೀರಿ. ನಿಮ್ಮಕ್ಕ ಬುಚ್ಚಮ್ಮ ಅದನ್ನೆಲ್ಲ ಮಾಡಿ ಕೊಡಾಕಿಲ್ಲ, ಆಕಿಗೆ ಹೆಣ್ಣು ಹುಡುಕೋದ್ರಾಗ ಪುರಸೊತ್ತಿಲ್ಲ. ಹೌದ್ರಿ, ನನಗ ಗೊತ್ತೈತಿ. ಮಕ್ಕಳಿಲ್ಲ ಅಂತ ಗದ್ವಾಲದಾಗ ನಿಮಗ ಎರಡನೇ ಹೆಣ್ಣು ನೋಡ್ಯಾರಂತ ಮೊಸರು ಮಾರೋ ಎಂಕಮ್ಮ ಬಾವಿ ಕಟ್ಟಿ ಮ್ಯಾಲೆ ಎಲ್ಲಾರ ಮುಂದ ಹೇಳಿದ್ಲು. ನೀವು ಮಾತ್ರ "ಫಟಫಟಿಗೆ ಹೊಸ ಗಾಜು ಹಾಕಿಸಿ ಇಡು, ಕುರಿ ಉಣ್ಣಿ ವ್ಯಾಪಾರಕ್ಕ ಗದ್ವಾಲಕ್ಕ ಹೋಗೋದೈತಿ" ಅಂತ ಬರದೀರಿ. ಮದಲಗಿತ್ತಿ ತರಾಕ ಹೋಗೋ ಗಾಡಿಗೆ ಮನ್ಯಾಗಿನ ಹೆಂಡತಿ ನಿಂತು ಗಾಜು ಹಾಕಿಸಬೇಕು! ಎಂಥಾ ಎದಿರೀ ನಿಮ್ದು! ಆ ಕಾಗದ ಓದಿದ ದಿನ ನಾನು ಒಲಿ ಹಚ್ಚಲಿಲ್ಲ, ನೀರು ಕುಡದು ಮಲಗಿದೆ.

ಆ ಮೋಟಾರ್ ಸೈಕಲ್ ಗಾಡಿ ಯಾರದಂತ ಮರತೀರೇನು? ನಾರ್ವ, ದಾಮರಗಿದ್ದ, ಗಟ್ಟು ಅಂತ ಉಣ್ಣಿ ಕೊಳ್ಳಾಕ ಊರೂರು ತಿರಗೋ ಅಳಿಯಗ ಕಾಲು ನೋಯಬಾರದು ಅಂತ ನಮ್ಮಪ್ಪ ಕುರಿ ಮಾರಿ, ವರ್ಗಾ ಆಗಿ ಹೊಂಟಿದ್ದ ಇಂಜಿನಿಯರ್ ಸಾಹೇಬರ ಕಡಿಂದ ಕೊಡಿಸಿದ್ದು. ಅದರ ಮುಂದಿನ ಗಾಳಿ ತಡಿಯೋ ಗಾಜು ಹುಣಸಿ ಟೊಂಗಿಗೆ ಬಡಸಿ ಒಡದವರು ನೀವು. ಕೇಳಿದ್ರ ಟೊಂಗೀನೇ ಅಡ್ಡ ಬಂತಂತ! ಕುಣಿಯಾಕ ಬರದಾಕಿ ನೆಲ ಡೊಂಕು ಅಂದಿದ್ಲಂತ. ಆಮ್ಯಾಲ ಗಾಡಿ ಅಂಗಳದಾಗ ಬಿಟ್ಟು, ಬಂಡಿ ಹತ್ತಿ ಅಕ್ಕನ ಮನಿಗೆ ಹೋದ್ರಿ.

ಮೌಲಾಸಾಬ್ ಮಿಸ್ತ್ರಿ ರಾಯಚೂರಿಂದ ಎರಡು ನಮೂನಿ ತಂದಿದ್ದ. ಒಂದು ಖರೆ ಗಾಜು. ದಪ್ಪ, ಭಾರ, ನೀರಿನಂಗ ಆರಪಾರ ಕಾಣತೈತಿ, ಆದರ ಹಾದ್ಯಾಗ ಒಡದ್ರ ಚೂರೆಲ್ಲ ಮಾರಿಗೇ ಬರತಾವಂತ. ಇನ್ನೊಂದು ಸೆಲ್ಯುಲಾಯ್ಡಂತ. ಸ್ವಲ್ಪ ಹಳದಿ, ಬಗ್ಗಿಸಿದ್ರ ಬಗ್ಗತೈತಿ, ಉಜ್ಜಿದ್ರ ಕರ್ಪೂರದ ವಾಸನಿ ಬರತೈತಿ. ಸಿಟ್ಟಿನ್ಯಾಗ ಖರೆ ಗಾಜೇ ಹಾಕಿಸೂಣ ಅಂತ ಮನಸಾಗಿತ್ತು, ಸುಳ್ಳು ಯಾಕ ಹೇಳಲಿ. ಆಮ್ಯಾಲ ಮೈಲಾರಲಿಂಗ ನೋಡಾಕ ಹತ್ಯಾನ ಅಂತ ಹೆದರಿ ಬಗ್ಗೋದನ್ನ ಆರಿಸಿದೆ.

ಕತ್ತರಿಸೋದು ಮಾತ್ರ ದೊಡ್ಡ ರಾದ್ಧಾಂತ ಆತು. ಗಾಡಿ ಹೊಡಿಯಾವನ ಕಣ್ಣು ಗಾಜಿನ ಅಂಚಿನ ಮ್ಯಾಲಿಂದ ಹಾದಿ ನೋಡಬೇಕು, ಗಾಳಿ ತಲಿ ಮ್ಯಾಲಿಂದ ಹಾದು ಹೋಗಬೇಕಂತ. ಅಳತಿ ಕೊಡಾಕ ನೀವಿಲ್ಲ. ನನ್ನ ತಮ್ಮ ನಾಗಪ್ಪನ್ನ ಕುಂದ್ರಿಸಿದೆ, ನಿಮ್ಮ ಹಿಂದ ಕುಂತು ಕುಂತು ಅವನೂ ಗಾಡಿ ಕಲ್ತಾನಲ್ಲ. ನಮ್ಮ ಮಂದ್ಯಾಗ ಗಂಡಸಿನ ಅಳತಿ ಅಂದ್ರ ರುಮಾಲು ಸಹಿತ ಅಳತಿ. ಬರೀ ತಲಿ ಅಳಿಯೋದು ಹೆಣಕ್ಕ ಮಾತ್ರ. ಹಂಗಾಗಿ ಮಿಸ್ತ್ರಿ ರುಮಾಲಿನ ತುದಿಗೆ ಗೆರಿ ಎಳದು ಕತ್ತರಿಸಿಬಿಟ್ಟ. ನಾಗಪ್ಪ ಓಣಿ ತುದಿ ತನಕ ಹೋದ, ಗಾಜಿಗೆ ಧೂಳು ಕುಂತು ಏನೂ ಕಾಣದಂಗಾತು, ಸೀದಾ ಹೋಗಿ ತುದಿ ಮನಿ ಎಂಕಪ್ಪನ ಎಮ್ಮಿಗೆ ಗುದ್ದಿದ. ಎಮ್ಮಿಗೇನೂ ಆಗಿಲ್ಲ. ಎಂಕಪ್ಪ ಮಾತ್ರ ನಮ್ಮ ವಂಶಾನೆಲ್ಲ ಬೈದು ಹೋದ.

ರುಮಾಲು ತಗಿ, ಮೂಗಿನ ಮಟ್ಟಕ್ಕ ಗೆರಿ ಎಳಿ ಅಂದೆ. "ಬ್ಯಾಡಮ್ಮಾ, ಅಪಶಕುನ ಐತಿ" ಅಂದ ಮಿಸ್ತ್ರಿ. ಅಪಶಕುನ ಆಗಲೇ ಮಕ್ತಲದಾಗ ಕುಂತು ಹೋಳಿಗಿ ಉಣ್ಣಾಕ ಹತ್ತೈತಿ, ನೀ ಸುಮ್ನ ಕತ್ತರಿಸು ಅಂದೆ. ಬಿಸಿನೀರಿನ ಬಟ್ಟಿ ಹೊಚ್ಚಿ ಮೆತ್ತಗ ಮಾಡಿ, ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಅಂಚು ಅರದಿಂದ ಉಜ್ಜಿ ನುಣ್ಣಗ ಮಾಡಿ ಕೊಟ್ಟ. ಈಗ ನಾಗಪ್ಪಗ ಹೇಳಿ ಮಾಡಿಸಿದಂಗ ಐತಿ. ನೀವು ಅವನ ಭುಜಕ್ಕ ಬರ್ತೀರಿ, ನೀವು ಕುಂತ್ರ ಅಂಚು ಸರಿಯಾಗಿ ಕಣ್ಣಿಗೇ ಅಡ್ಡ ಬರತೈತಿ. ಗೊತ್ತಿದ್ದೇ ಮಾಡಿಸೀನಿ. ಕೊಯ್ದದ್ದನ್ನ ಮತ್ತ ಅಂಟಸಾಕ ಬರಂಗಿಲ್ಲಂತ, ಮಿಸ್ತ್ರೀನ ಹೇಳ್ಯಾನ.

ಬುಚ್ಚಮ್ಮಗ ನನ್ನ ಶರಣು ಹೇಳಬ್ಯಾಡ್ರಿ. ಬೀರಪ್ಪ ನಿಮಗ ಆಯುಷ್ಯ ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ.

ಇನ್ನೂ ನಿಮ್ಮ ಹೆಂಡತಿನ ಆಗಿರೋ
ತುಳಸಮ್ಮ

ತಾ.ಕ.: ಟಪಾಲಿನವ ಬಾಗಲದಾಗ ನಿಂತಾನ, ಲಗೂನ ಬರೀತೀನಿ. ಗಾಜು ನೆಟ್ಟಗ ಐತೋ ಇಲ್ಲೋ ನೋಡಬೇಕಲ್ಲ ಅಂತ ಮೊನ್ನೆ ನಾಗಪ್ಪನ ಹಿಂದ ಕುಂತು ಗದ್ವಾಲಕ್ಕ ಹೋಗಿದ್ದೆ. ಹೊಳಿ ಹರಿಗೋಲಿನ್ಯಾಗ ದಾಟಿದ್ವಿ, ಗಾಡೀನೂ ದಾಟಿಸಿದ್ವಿ. ಮೊದಲನೇ ಹೆಂಡತಿ ಹಾಸಿಗಿ ಹಿಡದಾಳ, ಇವತ್ತೋ ನಾಳೆಯೋ ಅಂತ ನಿಮ್ಮಕ್ಕ ಹೆಣ್ಣಿನ ಅಪ್ಪ ವೆಂಕಟಯ್ಯಗ ಹೇಳಿದ್ಲಂತ. ಹಾಸಿಗಿ ಹಿಡದಾಕಿ ಫಟಫಟಿಯಿಂದ ಇಳದದ್ದು ನೋಡಿ ಆ ಮುದುಕನ ಬಾಯಾಗಿನ ಎಲಿ ಬಾಯಾಗೇ ಉಳೀತು. ಹುಡುಗಿ ಸತ್ಯಮ್ಮ ಬಂಗಾರದಂಥಾಕಿ, ಆಕಿ ಮ್ಯಾಲೆ ನನಗ ಸಿಟ್ಟಿಲ್ಲ. ಅವರ ಕುಲದ ಬೆಡಗು ಯಾವದಂತ ಕೇಳಿದೆ, ನಮ್ಮ ತವರಿನ ಬೆಡಗಿಗೆ ಸಂಬಂಧ ಕೂಡತೈತಿ. ಎಲಿ-ಅಡಿಕಿ ಬದಲಾಗೂ ತನಕ ಎಲ್ಲಾ ಬರೀ ಮಾತು, ನಿಮ್ಮಕ್ಕ ಮಾತಿನ್ಯಾಗೇ ಉಳದಿದ್ಲು. ಹುಡುಗೀನ್ನ ನಾಗಪ್ಪಗ ಕೇಳಿ, ಆಕಿನೂ ಹೂಂ ಅಂದ ಮ್ಯಾಲೆ ಎಲಿ-ಅಡಿಕಿ ಬದಲ ಮಾಡಿಕೊಂಡೇ ಬಂದೀನಿ. ಹುಣ್ಣಿವಿ ಆದ ಮ್ಯಾಲೆ ಲಗ್ನ. ಮದುಮಗ ಫಟಫಟಿ ಮ್ಯಾಲೆ ಹೋಗತಾನ. ನನ್ನ ತಮ್ಮನ ಹೆಂಡತಿ ಅಂದ್ರ ನಿಮಗ ತಂಗಿ ಆಗಬೇಕು. ಅಣ್ಣ ಆದವರು ತಂಗಿಗೆ ಬಳಿ, ಸೀರಿ ತಗೊಂಡು ಬಂಡ್ಯಾಗ ಬರ್ರಿ.